28 ವಾರ, ಎರಡು ಇಂಜೆಕ್ಷನ್ ಬರೆದಿದ್ದಾರೆ, ಚೀಟಿ ಇನ್ನೂ ಬ್ಯಾಗಲ್ಲೇ ಇದೆ

ಬ್ಯಾಗಲ್ಲಿರೋ_ಚೀಟಿ:
ನನಗೀಗ 28 ವಾರ, ಮೊದಲ ಮಗು. ಹೋದ ಸಲ ಚೆಕಪ್‌ನಲ್ಲಿ ಡಾಕ್ಟರ್ ಎರಡು ಇಂಜೆಕ್ಷನ್ ಬರೆದರು. ಒಂದು ಟಿಡ್ಯಾಪ್, ಇನ್ನೊಂದು ಫ್ಲೂದು. ಯಾಕೆ ಅಂತ ಕೇಳಿದೆ. "ಎಲ್ಲರೂ ತಗೋತಾರೆ, ಏನೂ ಆಗಲ್ಲ" ಅಂದರು, ಅಷ್ಟರಲ್ಲಿ ಮುಂದಿನವರು ಒಳಗೆ ಬಂದರು. ಒಟ್ಟು ಎರಡು ನಿಮಿಷ ಆಗಿರಬಹುದು.

ತಲೆನೋವಿನ ಮಾತ್ರೆಯನ್ನೂ ಕೇಳದೆ ನುಂಗಬೇಡ ಅಂತ ಮೊದಲ ದಿನವೇ ಹೆದರಿಸಿದ್ದು ಇದೇ ಡಾಕ್ಟರ್. ಆರು ತಿಂಗಳು ಹಾಗೇ ಇದ್ದೇನೆ. ಈಗ ಇದ್ದಕ್ಕಿದ್ದಂತೆ ಎರಡು ಸೂಜಿ ಚುಚ್ಚಿಸ್ಕೋ ಅಂದರೆ ಹೇಗೆ? ನಾನು ಲಸಿಕೆ ಬೇಡ ಅನ್ನುವವಳಲ್ಲ, ಮಗು ಹುಟ್ಟಿದ ಮೇಲೆ ಅದಕ್ಕೆ ಎಲ್ಲವನ್ನೂ ಹಾಕಿಸುತ್ತೇನೆ. ಆದರೆ ಹಾಕಿಸಿಕೊಂಡು ಏನಾದರೂ ಆದರೆ ಅದು ನಾನೇ ಮಾಡಿದ್ದು ಅನಿಸುತ್ತದೆ, ಹಾಕಿಸಿಕೊಳ್ಳದೆ ಏನಾದರೂ ಆದರೆ ಹಣೆಬರಹ ಅಂದುಕೊಳ್ಳಬಹುದು. ಇದು ಸರಿಯಾದ ಲೆಕ್ಕ ಅಲ್ಲ ಅಂತ ನನಗೂ ಗೊತ್ತು. ಹೆರಿಗೆ ಆದ ಮೇಲೆ ತಗೊಂಡರೆ ಆಗಲ್ವಾ?

ವಾರ್ಡಿನ_ಅಕ್ಕ:
ಹದಿನಾಲ್ಕು ವರ್ಷದಿಂದ ನರ್ಸ್ ಕೆಲಸ, ಅದರಲ್ಲಿ ಜಾಸ್ತಿ ಬಸುರಿಯರ ವಾರ್ಡಿನಲ್ಲೇ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉತ್ತರ ಇರುವುದು ಅಲ್ಲೇ.

ಟಿಡ್ಯಾಪ್‌ನಲ್ಲಿ ಮೂರು ಕಾಯಿಲೆಗೆ ತಡೆ ಇದೆ: ಧನುರ್ವಾಯು, ಗಂಟಲುಮಾರಿ, ನಾಯಿಕೆಮ್ಮು. ಈಗ ಕೊಡುವುದು ಮುಖ್ಯವಾಗಿ ನಾಯಿಕೆಮ್ಮಿಗೆ. ಮಗುವಿಗೆ ಅದರ ಮೊದಲ ಡೋಸ್ ಸಿಗುವುದು ಹುಟ್ಟಿ ಆರೋ ಎಂಟೋ ವಾರಕ್ಕೆ. ಆ ಕಾಯಿಲೆ ಜೀವ ತೆಗೆಯುವುದು ಹೆಚ್ಚಾಗಿ ಆ ಮೊದಲ ಎರಡು ಮೂರು ತಿಂಗಳಲ್ಲೇ. ನಡುವಿನ ಆ ವಾರಗಳಲ್ಲಿ ಮಗುವಿಗೆ ಇರುವುದು ನಿಮ್ಮಿಂದ ಬಂದದ್ದು ಮಾತ್ರ. ನೀವು ಈಗ ಹಾಕಿಸಿಕೊಂಡರೆ ಸುಮಾರು ಎರಡು ವಾರದಲ್ಲಿ ನಿಮ್ಮ ರಕ್ತದಲ್ಲಿ ಪ್ರತಿಕಾಯ, ಅಂದರೆ ಆ ರೋಗಾಣುವನ್ನು ತಡೆಯುವ ಅಂಶ, ಏರುತ್ತದೆ, ಅದು ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ. ಈ ಸಾಗಣೆ ಜೋರಾಗಿ ನಡೆಯುವುದು ಕೊನೆಯ ಮೂರು ತಿಂಗಳಲ್ಲಿ. ಅದಕ್ಕೇ ತುಂಬಾ ಕಡೆ 27ರಿಂದ 36 ವಾರದ ಒಳಗೆ ಅನ್ನುತ್ತಾರೆ. ಹೆರಿಗೆ ಆದ ಮೇಲೆ ಹಾಕಿಸಿಕೊಂಡರೆ ನಿಮಗೆ ಕೆಮ್ಮು ಬರದೆ ಇರಬಹುದು, ನಿಮ್ಮಿಂದ ಮಗುವಿಗೆ ಅಂಟದೆ ಇರಬಹುದು. ಆದರೆ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ದಾರಿ ಮುಚ್ಚಿತು.

ನಾಯಿಕೆಮ್ಮು ಅಂದ ತಕ್ಷಣ ಎಲ್ಲರೂ ಜೋರು ಕೆಮ್ಮು ಅಂದುಕೊಳ್ಳುತ್ತಾರೆ. ಹಸುಗೂಸು ಎಷ್ಟೋ ಸಲ ಕೆಮ್ಮುವುದೇ ಇಲ್ಲ. ಹಾಲು ಕುಡಿಯುತ್ತಾ ಇದ್ದದ್ದು ಸುಮ್ಮನಾಗುತ್ತದೆ, ತುಟಿ ನೀಲಿಯಾಗುತ್ತದೆ, ಉಸಿರು ನಿಂತಿರುತ್ತದೆ. ನಾನು ಅಂಥ ಒಂದು ಮಗುವಿನ ಅಂಗಾಲು ತಟ್ಟುತ್ತಾ ನಿಂತಿದ್ದೇನೆ. ಹೆದರಿಸೋಕೆ ಹೇಳುತ್ತಿಲ್ಲ, ಆದರೆ ಈ ಮಾತು ಆ ಎರಡು ನಿಮಿಷದಲ್ಲಿ ಯಾರೂ ಹೇಳಿರುವುದಿಲ್ಲ ಅಲ್ವಾ.

2012ರಲ್ಲಿ ಬ್ರಿಟನ್ನಿನಲ್ಲಿ ನಾಯಿಕೆಮ್ಮು ಹಬ್ಬಿ 14 ಹಸುಗೂಸುಗಳು ಹೋದವು. ಅದೇ ಅಕ್ಟೋಬರಿನಿಂದ ಬಸುರಿಯರಿಗೆ ಲಸಿಕೆ ಕೊಡಲು ಶುರು ಮಾಡಿದರು. ಆಮೇಲೆ ಲೆಕ್ಕ ಹಾಕಿ ನೋಡಿದಾಗ ಮೂರು ತಿಂಗಳೊಳಗಿನ ಮಕ್ಕಳಲ್ಲಿ ಸುಮಾರು ನೂರಕ್ಕೆ 90ರಷ್ಟು ತಡೆ ಸಿಕ್ಕಿತ್ತು.

ಫ್ಲೂದು ನಿಮಗೂ ಬೇಕು, ಮಗುವಿಗೂ ಬೇಕು. ಹೊಟ್ಟೆ ದೊಡ್ಡದಾದಂತೆ ಶ್ವಾಸಕೋಶಕ್ಕೆ ಜಾಗ ಕಡಿಮೆ, ಹೃದಯಕ್ಕೆ ಕೆಲಸ ಜಾಸ್ತಿ, ಸಾಮಾನ್ಯ ಫ್ಲೂ ಕೂಡ ಆಸ್ಪತ್ರೆಗೆ ಎಳೆದುಕೊಂಡು ಹೋಗಬಹುದು. ಮಗುವಿಗೆ ಆರು ತಿಂಗಳು ತುಂಬುವವರೆಗೆ ಫ್ಲೂ ಲಸಿಕೆ ಹಾಕುವ ಹಾಗೇ ಇಲ್ಲ. ಬಸುರಿಯರಿಗೆ ಕೊಡುವ ಸೂಜಿಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಮೂಗಿಗೆ ಹೊಡೆಯುವ ಸ್ಪ್ರೇಯಲ್ಲಿ ಜೀವಂತ ಇರುತ್ತದೆ, ಅದನ್ನು ಬಸುರಿಯರಿಗೆ ಕೊಡುವುದಿಲ್ಲ. ದಡಾರ–ರುಬೆಲ್ಲಾದು, ಸಿಡುಬಿನಂತೆ ಬೊಕ್ಕೆ ಏಳುವ ಚಿಕನ್‌ಪಾಕ್ಸಿನದೂ ಅಷ್ಟೇ, ಈಗ ಬೇಡ.

ಎರಡು_ಕ್ಯಾಲೆಂಡರ್:
ನಾನು ಬೇರೆ ಕಥೆ ಹೇಳುತ್ತೇನೆ. ಮೊದಲ ಸಲ ಒಂಬತ್ತನೇ ವಾರಕ್ಕೆ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡೆ. ಹತ್ತನೇ ವಾರಕ್ಕೆ ಗರ್ಭ ಹೋಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನೆಯವರೆಲ್ಲ ನನ್ನ ತೋಳನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ಎರಡು ವರ್ಷ ನನ್ನನ್ನೇ ಬೈದುಕೊಂಡೆ.

ಎರಡನೇ ಸಲ ಬೇರೆ ಡಾಕ್ಟರ್ ಸಿಕ್ಕರು. ಅವರು ಭಾಷಣ ಏನೂ ಮಾಡಲಿಲ್ಲ. ಗೋಡೆಯ ಕ್ಯಾಲೆಂಡರ್ ತೋರಿಸಿ, ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಹೀಗೆ ಹೋಗುತ್ತವೆ, ಬಹುತೇಕ ಮೊದಲ 12 ವಾರದಲ್ಲೇ, ಎಷ್ಟೋ ಸಲ ಭ್ರೂಣದ ಕ್ರೋಮೋಸೋಮಿನ ದೋಷದಿಂದ ಅಂದರು. ಆ ವಾರದಲ್ಲಿ ಸೂಜಿ ಹಾಕಿಸಿಕೊಂಡವರಲ್ಲೂ ಹೋಗುತ್ತದೆ, ಹಾಕಿಸಿಕೊಳ್ಳದವರಲ್ಲೂ ಹೋಗುತ್ತದೆ, ಹಾಕಿಸಿಕೊಂಡವರಿಗೆ ಮಾತ್ರ ಬೆರಳು ತೋರಿಸೋಕೆ ಒಂದು ದಿನ ಸಿಗುತ್ತದೆ. ಅದನ್ನು ಕೇಳಿ ಅತ್ತುಬಿಟ್ಟೆ. ನನ್ನನ್ನು ಯಾರೂ ಹಾಗೆ ಕೂರಿಸಿ ಹೇಳಿರಲಿಲ್ಲ. ಆ ಸಲ ಎರಡೂ ಹಾಕಿಸಿಕೊಂಡೆ, ಕೈ ನಡುಗುತ್ತಿತ್ತು, ಅದೂ ನಿಜ. ಮಗಳಿಗೆ ಈಗ ಮೂರು ವರ್ಷ.

ಸುಮ್ನೆ_ನಂಬಲ್ಲ:
ಎಲ್ಲರೂ ಹಾಡಿದ್ದೇ ಹಾಡುತ್ತಿದ್ದೀರಿ. ಥಾಲಿಡೋಮೈಡ್ ಅನ್ನೋ ಮಾತ್ರೆ ಕೂಡ ಬಸುರಿಯರಿಗೆ ಸುರಕ್ಷಿತ ಅಂತಲೇ ಮಾರಿದ್ದರು. ಕೋವಿಡ್ ಲಸಿಕೆಯ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಬಸುರಿಯರನ್ನು ಸೇರಿಸಿರಲೇ ಇಲ್ಲ, ಆಮೇಲೆ ಹಾಕಿಸಿಕೊಳ್ಳಿ ಅಂದರು. ಇಷ್ಟಾದ ಮೇಲೆ ಅನುಮಾನ ಬಂದರೆ ತಪ್ಪು ಯಾರದು?

ವಾರ್ಡಿನ_ಅಕ್ಕ:
ಅನುಮಾನ ತಪ್ಪಲ್ಲ, ನೀವು ಹೇಳಿದ ಎರಡೂ ನಿಜ. ಥಾಲಿಡೋಮೈಡ್ ಮಾರಾಟಕ್ಕೆ ಬಂದದ್ದು 1957ರಲ್ಲಿ, ವಾಪಸ್ ತಗೊಂಡಿದ್ದು 1961ರಲ್ಲಿ, ಸಾವಿರಾರು ಮಕ್ಕಳು ಕೈಕಾಲು ಸರಿಯಿಲ್ಲದೆ ಹುಟ್ಟಿದರು. ಬಸುರಿಯರಿಗೆ ಸರಿಯಾಗಿ ಪರೀಕ್ಷೆ ಮಾಡದೆಯೇ ಕೊಟ್ಟಿದ್ದರು. ಅದರಿಂದ ಜಗತ್ತು ಕಲಿತ ಪಾಠ ಅರ್ಧ ತಪ್ಪು ಅಂತ ನನ್ನ ಅನಿಸಿಕೆ: ಬಸುರಿಯರನ್ನು ಪರೀಕ್ಷೆಯಿಂದಲೇ ಹೊರಗಿಟ್ಟರು. ಕೋವಿಡ್‌ನಲ್ಲಿ ಅದೇ ಆಯಿತು. ಮಾಹಿತಿ ಇಲ್ಲದೆ ಒಬ್ಬರು ಹಾಕಿಸ್ಕೋ, ಇನ್ನೊಬ್ಬರು ಬೇಡ ಅಂದರು. ಅಷ್ಟರಲ್ಲಿ ಕೋವಿಡ್ ಬಂದ ಬಸುರಿಯರು ಅದೇ ವಯಸ್ಸಿನ ಉಳಿದ ಹೆಂಗಸರಿಗಿಂತ ಜಾಸ್ತಿ ಐಸಿಯು ಸೇರುತ್ತಿದ್ದರು, ದಿನ ತುಂಬುವ ಮುಂಚೆ ಹೆರಿಗೆ ಆಗುತ್ತಿತ್ತು.

ಆದರೆ ಇವರು ಕೇಳುತ್ತಿರುವುದು ಹೊಸ ಲಸಿಕೆ ಅಲ್ಲ. ಬಸುರಿಯರಿಗೆ ಫ್ಲೂ ಲಸಿಕೆ 1960ರ ದಶಕದಿಂದ ಕೊಡುತ್ತಿದ್ದಾರೆ. ಧನುರ್ವಾಯುವಿನದಂತೂ ನಮ್ಮ ಅಮ್ಮಂದಿರೂ ಹಾಕಿಸಿಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 1988ರಲ್ಲಿ ಸುಮಾರು 7,87,000 ನವಜಾತ ಶಿಶುಗಳು ಧನುರ್ವಾಯುವಿನಿಂದ ಹೋಗಿದ್ದವು, 2018ಕ್ಕೆ ಅದು 25,000ಕ್ಕೆ ಇಳಿಯಿತು. ಶುಚಿಯಾದ ಹೆರಿಗೆಯ ಪಾಲೂ ಇದೆ ಅದರಲ್ಲಿ, ಬರೀ ಸೂಜಿಯದಲ್ಲ.

ಮಧ್ಯದಲ್ಲಿ_ಗಂಡ:
ನಮ್ಮ ಅಮ್ಮನೂ "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು" ಅಂತ ಹೆಂಡತಿಗೆ ಹೇಳುತ್ತಿದ್ದರು. ಹಳೆಯ ಟ್ರಂಕಿನಲ್ಲಿ ಅವರದೇ ತಾಯಿ ಕಾರ್ಡ್ ಸಿಕ್ಕಿತು, ನಾನು ಹುಟ್ಟುವ ಮುಂಚಿನದು. ಟಿಟಿ ಒಂದು, ಟಿಟಿ ಎರಡು, ಅಂದರೆ ಅದೇ ಧನುರ್ವಾಯುವಿನ ಸೂಜಿ, ಪಕ್ಕದಲ್ಲಿ ತಾರೀಖು. ನೋಡಿ, "ಓ ಇದಾ, ಇದನ್ನ ಎಲ್ಲರೂ ಹಾಕಿಸ್ಕೋತಿದ್ವಿ" ಅಂದರು. ಅಲ್ಲಿಗೆ ಮುಗಿಯಿತು.

ಬ್ಯಾಗಲ್ಲಿರೋ_ಚೀಟಿ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನೀವು ಹೇಳಿದ್ದರಲ್ಲಿ ಮೂರು ಪ್ರಶ್ನೆ ಮಾಡಿ ಆ ಚೀಟಿಯ ಹಿಂದೆಯೇ ಬರೆದುಕೊಂಡು ಹೋದೆ. ಡಾಕ್ಟರ್ ಈ ಸಲ ಕೂತು ಉತ್ತರ ಕೊಟ್ಟರು, ಬೇಜಾರೂ ಮಾಡಿಕೊಳ್ಳಲಿಲ್ಲ. ಎರಡೂ ಒಂದೇ ದಿನ ಹಾಕಬಹುದು ಅಂದರು, ನನಗೇ ಧೈರ್ಯ ಸಾಲಲಿಲ್ಲ, ಟಿಡ್ಯಾಪ್ ಮಾತ್ರ ಹಾಕಿಸಿಕೊಂಡೆ. ನಿನ್ನೆ ರಾತ್ರಿ ತೋಳು ಕಲ್ಲಾಗಿತ್ತು, ಇವತ್ತು ಪರವಾಗಿಲ್ಲ. ಫ್ಲೂದು ಮುಂದಿನ ವಾರದ ಸ್ಕ್ಯಾನ್ ದಿನ. ಅದನ್ನು ಬಲಗೈಗೆ ಹಾಕಿಸಿಕೊಳ್ಳುತ್ತೇನೆ. ಎಡಗಡೆಗೇ ತಿರುಗಿ ಮಲಗು ಅಂತ ದಿನಾ ಹೇಳುವವರು ಇಂಜೆಕ್ಷನ್ನನ್ನೂ ಎಡಗೈಗೇ ಚುಚ್ಚಿ ಕಳಿಸಿದ್ದಾರೆ.