ಎಚ್‌ಎಫ್ ಆಕಳ ಹೊಟ್ಟೆಯಲ್ಲಿ ಖಿಲಾರಿ ಕರು: ತಳಿ ಕೆಡುತ್ತಾ?

ಇಂಡಿ ಕಡೆಯವ:
ನಮ್ಮ ಖಿಲಾರಿ ಆಕಳಿಗೆ ವಯಸ್ಸಾಯಿತು. ಅದರ ಭ್ರೂಣ ತೆಗೆದು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಷಿಯನ್ ಅನ್ನುವ ವಿದೇಶಿ ಹಾಲಿನ ತಳಿ) ಆಕಳಿಗೆ ಇಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಈ ಮಾತು ತೆಗೆದರೆ ನಮ್ಮ ಕಾಕಾ ನಕ್ಕರು. "ಒಂಬತ್ತು ತಿಂಗಳು ಅದರ ಹೊಟ್ಟೆಯಲ್ಲಿದ್ದ ಕರು ಅರ್ಧ ಎಚ್‌ಎಫ್ ಆಗದೆ ಇರುತ್ತಾ?" ಅಂದರು. ಗರ್ಭದಲ್ಲಿ ಗ್ರೋತ್ ಫ್ಯಾಕ್ಟರ್ ಅಂತ, ಬೆಳೆಯೋಕೆ ಸೂಚನೆ ಕೊಡುವ ವಸ್ತುಗಳು ಇರುತ್ತವಂತೆ. ಅವು ತಳಿ ಬದಲಿಸುತ್ತವಾ?

ದನದ ಡಾಕ್ಟರ್, ಬಾಗಲಕೋಟೆ:
ಇಲ್ಲ ರೀ. ಕೋಡು, ಬಣ್ಣ, ಆ ಖಿಲಾರಿ ಸಿಟ್ಟು ಎಲ್ಲಾ ಅಂಡ, ವೀರ್ಯದಿಂದಲೇ ಬರುತ್ತದೆ. ಆದರೆ ಹೊಟ್ಟೆಗೆ ಕೆಲಸವೇ ಇಲ್ಲ ಅಂತಲ್ಲ.

ಭ್ರೂಣ ಇಡುವುದು ಏಳನೇ ದಿನ. ಆಗ ಅದು ಕಣ್ಣಿಗೆ ಕಂಡೂ ಕಾಣದ ಚುಕ್ಕೆ. ಮನುಷ್ಯರಲ್ಲಿ ಅದು ವಾರದೊಳಗೋ ಸ್ವಲ್ಪ ತಡವಾಗಿಯೋ ಗರ್ಭಕ್ಕೆ ಅಂಟುತ್ತದೆ. ಆಕಳಲ್ಲಿ ಹೆಚ್ಚುಕಡಿಮೆ 19ನೇ ದಿನದವರೆಗೆ ಬಿಡಿಯಾಗಿಯೇ ಇರುತ್ತದೆ. ಅಷ್ಟರಲ್ಲಿ ದಾರದ ಹಾಗೆ ಗೇಣುದ್ದ ಆಗಿರುತ್ತದೆ! ತಾಯಿಯ ರಕ್ತದ ನಂಟು ಇನ್ನೂ ಇಲ್ಲ. ಮತ್ತೆ ಉಣ್ಣುವುದೇನು? ಗರ್ಭದ ಗ್ರಂಥಿಗಳು ಸುರಿಸುವ ರಸ. ಅದರಲ್ಲಿ ಸಕ್ಕರೆ, ಪ್ರೋಟೀನು, ಜೊತೆಗೆ ಐಜಿಎಫ್‌ನಂಥ ಗ್ರೋತ್ ಫ್ಯಾಕ್ಟರ್‌ಗಳು. ಆ ಗ್ರಂಥಿಗಳೇ ಬೆಳೆಯದಂತೆ ಮಾಡಿದ ಕುರಿಗಳಲ್ಲಿ ಭ್ರೂಣ ಉದ್ದವಾಗಲಿಲ್ಲ, ಗಬ್ಬವೂ ನಿಲ್ಲಲಿಲ್ಲ.

ರಸ ಸರಿಯಾದ ಹೊತ್ತಿಗೆ ಬರಬೇಕಾದರೆ ಪ್ರೊಜೆಸ್ಟರಾನ್ ಅನ್ನುವ ಗಬ್ಬದ ಹಾರ್ಮೋನು ಬೇಕು. ಅದಕ್ಕೇ ಎರಡೂ ಆಕಳು ಬೆದೆಗೆ ಬಂದ ದಿನ ಹೊಂದಬೇಕು. ಒಂದು ದಿನ ಹಿಂದೆಮುಂದೆ ನಡೆಯುತ್ತದೆ. ಜಾಸ್ತಿ ಆದರೆ ಸುಮ್ನೆ ದುಡ್ಡು ದಂಡ.

ಇಂಡಿ ಕಡೆಯವ:
ಎಚ್‌ಎಫ್ ಮೈ ದೊಡ್ಡದು. ಕರುವೂ ದೊಡ್ಡದಾಗುತ್ತಾ?

ಐವಿಎಫ್ ಲ್ಯಾಬಿನವಳು, ಬೆಳಗಾವಿ:
ಹುಟ್ಟುವಾಗಿನ ತೂಕ ಬದಲಾಗಬಹುದು ಅಣ್ಣಾ. 1938ರಲ್ಲಿ ವಾಲ್ಟನ್, ಹ್ಯಾಮಂಡ್ ಅನ್ನುವವರು ದೈತ್ಯ ಶೈರ್ ಕುದುರೆಗೂ ಗಿಡ್ಡ ಶೆಟ್‌ಲ್ಯಾಂಡ್ ಕುದುರೆಗೂ ಅದಲುಬದಲು ಮಾಡಿ, ಒಮ್ಮೆ ಶೈರ್ ತಾಯಿ, ಒಮ್ಮೆ ಶೆಟ್‌ಲ್ಯಾಂಡ್ ತಾಯಿ ಅಂತ ಮರಿ ಹಾಕಿಸಿದ್ದರು. ಎರಡೂ ಕಡೆ ಮಿಶ್ರಣ ಅದೇ. ಆದರೂ ಶೈರ್ ತಾಯಿಯ ಮರಿ ಸುಮಾರು ಮೂರು ಪಟ್ಟು ಭಾರ.

ಅಂಟಿಕೊಳ್ಳುವುದಕ್ಕೂ ತಾಯಿಯ ಸಹಾಯ ಬೇಕೇ ಬೇಕು. 1992ರ ಇಲಿ ಪ್ರಯೋಗ ನೋಡಿ. ತಾಯಿಯಲ್ಲಿ ಎಲ್‌ಐಎಫ್ ಅನ್ನುವ ಒಂದು ಫ್ಯಾಕ್ಟರ್ ಇರಲಿಲ್ಲ, ಭ್ರೂಣ ಚೆನ್ನಾಗಿದ್ದರೂ ಅಂಟಲಿಲ್ಲ. ಅವನ್ನೇ ಬೇರೆ ಇಲಿಗೆ ಇಟ್ಟರು, ನಿಂತವು.

ನಿಮ್ಮ ಭ್ರೂಣ ಆಕಳಿಂದ ತೊಳೆದು ತೆಗೆದದ್ದಾ, ಲ್ಯಾಬಿನಲ್ಲಿ ಬೆಳೆಸಿದ್ದಾ? ಲ್ಯಾಬಿನದಾದರೆ ಬೆಳೆಸುವಾಗ ಸೀರಮ್ (ರಕ್ತದಿಂದ ತೆಗೆದ ತಿಳಿ ದ್ರವ) ಹಾಕಿದ್ದಾರಾ ಕೇಳಿ. ಸೀರಮ್‌ನಲ್ಲಿ ಬೆಳೆದ ಕೆಲವು ಕರು ಮಿತಿಮೀರಿ ದಪ್ಪ ಆಗಿ, ಈಯುವಾಗ ತಾಯಿಗೆ ಕಷ್ಟ ಆಗುತ್ತದೆ.