ಬ್ಯಾಂಜೊ ಮೂರನೇ ತಂತಿ ಅಪಸ್ವರ: ನಟ್ಟೋ, ಬ್ರಿಜ್ಜೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಊರು ಮಡಿಕೇರಿ, ಬ್ಲೂಗ್ರಾಸ್ (ಅಮೆರಿಕದ ಒಂದು ಜನಪದ ಸಂಗೀತ ಶೈಲಿ) ಬ್ಯಾಂಜೊ ಕಲಿಕೆ ಈಗಷ್ಟೇ ಶುರು. ಐದು ತಂತಿ, ಹಿಂದೆ ರೆಸೊನೇಟರ್ (ಸದ್ದನ್ನ ಮುಂದಕ್ಕೆ ತಳ್ಳೋ ಬಟ್ಟಲು), ಪ್ಲಾಸ್ಟಿಕ್ ಹೆಡ್ (ಡೋಲಿನಂಥ ಬಿಗಿ ಹೊದಿಕೆ). ಶ್ರುತಿ ಓಪನ್ ಜಿ, ಅಂದ್ರೆ ಐದನೇ ತಂತಿಯಿಂದ ಜಿ, ಡಿ, ಜಿ, ಬಿ, ಡಿ. ಬಿಡಿ ತಂತಿಯಲ್ಲಿ ಹೆಬ್ಬೆರಳು-ತೋರು-ನಡು ರೋಲ್ (ಬೆರಳುಗಳಿಂದ ಸರದಿಯಾಗಿ ಮೀಟೋದು) ಚೆನ್ನಾಗೇ ಕೇಳುತ್ತೆ. ಮೂರನೇ ತಂತಿಯ ಎರಡನೇ ಫ್ರೆಟ್ (ಕೊರಳಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದ್ರೆ ಮಾತ್ರ, ಎಷ್ಟೇ ಹಗುರವಾಗಿ ಒತ್ತಿದ್ರೂ, ಟ್ಯೂನರ್ ಮುಳ್ಳು 'ಎ' ದಾಟಿ ಸುಮಾರು 15 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲೆ ನಿಲ್ಲುತ್ತೆ.

ಹೊಸ ತಂತಿ ಹಾಕಿಯಾಯ್ತು. ಹೆಡ್ ಕೊಕ್ಕೆಗಳನ್ನ ಎದುರುಬದುರು ಒಂದೊಂದು ಚೂರೇ ಬಿಗಿ ಮಾಡಿಯಾಯ್ತು. ಸ್ಕೇಲ್ ಇಟ್ಟು ನೋಡಿದ್ರೆ ಬ್ರಿಜ್ (ಹೆಡ್ ಮೇಲೆ ನಿಂತು ತಂತಿಗಳನ್ನ ಎತ್ತಿ ಹಿಡಿಯೋ ಮರದ ತುಂಡು) ಕೆಳಗೆ ಹೆಡ್ ತಗ್ಗಿಲ್ಲ. 12ನೇ ಫ್ರೆಟ್ಟಿನ ಹಾರ್ಮೋನಿಕ್ಕೂ (ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರವೂ ಒಂದನೇ, ನಾಲ್ಕನೇ ತಂತಿಲಿ ಸರಿಹೊಂದುತ್ತೆ. ಮೂರನೆಯದು ಅಲ್ಲೂ ಒಂಚೂರು ಏರು. ಅದಕ್ಕೋಸ್ಕರ ಬ್ರಿಜ್ಜನ್ನ ಟೇಲ್‌ಪೀಸ್ (ತಂತಿಗಳ ಕೆಳತುದಿ ಕಟ್ಟೋ ಜಾಗ) ಕಡೆ ಸರಿಸಿದ್ರೆ ಉಳಿದ ತಂತಿಗಳ ಸ್ವರ ಇಳಿಯುತ್ತೆ.

ಗೊಂದಲ ಇಲ್ಲೇ. ಎರಡು-ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದಾಗ, ಒಂದನೇ ಫ್ರೆಟ್ ಮೇಲೆ ಉಳಿದ ತಂತಿಗಳಿಗೆ ಕಾಗದದಷ್ಟು ಸಂದು. ಮೂರನೆಯದಕ್ಕೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರುತ್ತೆ. ಅಂದ್ರೆ ನಟ್‌ನಲ್ಲಿ (ಕೊರಳಿನ ಮೇಲ್ತುದಿಲಿ ತಂತಿಗಳು ಕೂರೋ ಪಟ್ಟಿ) ಆ ತಂತಿಯ ತೋಡು ಎತ್ತರ. ಆದ್ರೆ ಅದರ ಪರಿಣಾಮ 12ರಲ್ಲಿ ಇಷ್ಟು ಕಾಣಬಾರದಲ್ಲ? ಕೊಡಗಿನ ಮಳೆಗಾಲದ ತೇವಕ್ಕೆ ನೆಕ್ ಬಾಗಿದ್ರೆ ಎಲ್ಲಾ ತಂತಿಗೂ ತಟ್ಟಬೇಕಿತ್ತು.

ತೋಡು ಒಮ್ಮೆ ತೀರಾ ಆಳವಾದ್ರೆ ತಂತಿ ಫ್ರೆಟ್ಟಿಗೆ ಬಡಿದು ಝರ್ ಅನ್ನುತ್ತೆ, ನಟ್ಟೇ ಬದಲಿಸಬೇಕು. ಹಾಗಾಗಿ ಮೊದಲು ಮೂರನೇ ತಂತಿಗೆ ಹಿಂದೆ ಸರಿಸಿ ಕೆತ್ತಿದ ಕಾಂಪನ್ಸೇಟೆಡ್ ಬ್ರಿಜ್ ಹಾಕ್ಲಾ, ಇಲ್ಲಾ ನಟ್ ಅರ ಹಾಕಿಸ್ಲಾ? ಅರ ಹಾಕೋದಾದ್ರೆ 0.012 ಇಂಚಿನ ತಂತಿಗೆ ಎಷ್ಟು ದಪ್ಪದ ಅರ ಬೇಕು?