ಟ್ರ್ಯಾಕ್‌ಗೆ ಮಾತ್ರ ಓಡುವ ಕಾರು, ಹೊಸ ಬ್ರೇಕ್ ಪ್ಯಾಡ್: ಬೆಡ್ ಮಾಡೋದು ಹೇಗೆ?

ಮೈಸೂರಿನಿಂದ ಪ್ರಶ್ನೆ

ನನ್ನ ಹಳೆ ಮಾರುತಿ ಎಸ್ಟೀಮ್ ಈಗ ಟ್ರ್ಯಾಕ್‌ಗೆ ಮಾತ್ರ. ರಸ್ತೆಗೆ ಇಳಿಸುವ ಹಾಗಿಲ್ಲ, ಟ್ರೇಲರ್ ಮೇಲೆ ಕೂತು ಕೊಯಮತ್ತೂರಿಗೆ ಹೋಗುತ್ತದೆ. ಮೊದಲ ಸಲ ರೇಸ್ ಪ್ಯಾಡ್ ತಂದಿದ್ದೇನೆ. ಡಿಸ್ಕ್ ಹಳೆಯದೇ. ಬೆಡ್ ಮಾಡೋದು, ಅಂದರೆ ಹೊಸ ಪ್ಯಾಡನ್ನು ಕಾಯಿಸಿ ಅದರ ತೆಳು ಪದರವನ್ನು ಡಿಸ್ಕ್ ಮೇಲೆ ಸಮನಾಗಿ ಕೂರಿಸೋದು, ಹೇಗೆ ಅಂತ ಯಾರನ್ನು ಕೇಳಿದರೂ "ಖಾಲಿ ಹೈವೇಲಿ ಹತ್ತು ಸಲ ಜೋರಾಗಿ ಬ್ರೇಕ್ ಹಾಕಿ" ಅಂತಾರೆ. ನನಗೆ ಹೈವೇನೇ ಇಲ್ವಲ್ಲ! ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಸ್ಪೀಡ್‌ವೇನಲ್ಲಿ ಮೊದಲ ಸೆಷನ್ 15 ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಆಗುತ್ತಾ? ಮಾಡಿದವರು ಹೇಳಿ.

ಬೆಂಗಳೂರಿನಿಂದ

ಆಗುತ್ತೆ. ಆದರೆ ನಾನು ಮಾಡಿದ ಹಾಗೆ ಮಾಡಬೇಡಿ.

ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್. ಹೊಸ ಪ್ಯಾಡ್ ಹಾಕಿಕೊಂಡು ಹೋಗಿ ಎರಡನೇ ಲ್ಯಾಪಿಗೇ ಪೂರ್ತಿ ವೇಗಕ್ಕೆ ಬಿಟ್ಟೆ. ಮೂರನೇ ಲ್ಯಾಪಿನಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಕಾರು ಮಾತ್ರ ನಿಲ್ಲುತ್ತಿಲ್ಲ. ಹೊಸ ಪ್ಯಾಡಿನಲ್ಲಿ ಪುಡಿಗಳನ್ನು ಹಿಡಿದಿಡುವ ಅಂಟು ಮೊದಲ ಸಲ ಜೋರಾಗಿ ಕಾದಾಗ ಗ್ಯಾಸ್ ಬಿಡುತ್ತದೆ. ಅದು ಪ್ಯಾಡ್‌ಗೂ ಡಿಸ್ಕ್‌ಗೂ ನಡುವೆ ಸಿಕ್ಕಿಕೊಂಡರೆ ಹಿಡಿತವೇ ಇರುವುದಿಲ್ಲ. (ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಅದು ಬೇರೆ ಕತೆ, ಬ್ರೇಕ್ ಆಯಿಲ್ ಕುದಿದಿದೆ ಅಂತ ಅರ್ಥ.)

ಹೆದರಿ, ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್‌ಗೆ ಬಂದೆ. ಚಕ್ರದಿಂದ ಹೊಗೆ. ಮಾರ್ಷಲ್ ಕೈ ಅಡ್ಡ ಹಿಡಿದರು ಅಂತ ಬ್ರೇಕ್ ಒತ್ತಿಕೊಂಡು ಅಲ್ಲೇ ನಿಂತೆ. ಒಂದು ನಿಮಿಷವೂ ಇರಲಿಕ್ಕಿಲ್ಲ. ಮುಂದಿನ ಸೆಷನ್‌ನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸ್ಟಿಯರಿಂಗ್ ಗಡಗಡ. ಡಿಸ್ಕ್ ಬೆಂಡಾಯಿತು ಅಂತ ಪೀಣ್ಯದ ಲೇತ್‌ನವರ ಹತ್ತಿರ ಒಯ್ದೆ. ಅವರು ಡೊಂಕು ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ ನಕ್ಕರು. ಡಿಸ್ಕ್ ನೆಟ್ಟಗೇ ಇತ್ತು. ಮೇಲೆ ಪ್ಯಾಡಿನ ಆಕಾರದ್ದೇ ಒಂದು ಕಪ್ಪು ಕಲೆ, ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಗೆ. ಬಿಸಿ ಪ್ಯಾಡ್ ಒಂದೇ ಕಡೆ ಕೂತು ತನ್ನ ಪದರವನ್ನು ಅಲ್ಲಿ ಜಾಸ್ತಿ ಬಿಟ್ಟಿತ್ತು. ಆ ಜಾಗ ಪದೇ ಪದೇ ಕಾದು ಗಡುಸಾಗಿಬಿಟ್ಟರೆ ಉಜ್ಜಿದರೂ ಹೋಗಲ್ಲ. ನನ್ನದು ಹೋಗಲಿಲ್ಲ. ಹೊಸ ಡಿಸ್ಕ್ ತಗೊಂಡೆ.

ಹಾಗಾಗಿ ನನ್ನ ಪ್ರಕಾರ ಕಾಯಿಸೋದು ಅರ್ಧ ಕೆಲಸ. ಆರಿಸೋದು ಇನ್ನರ್ಧ.

ಹೊಸೂರಿನಿಂದ, ಗ್ಯಾರೇಜ್ ಇರುವವರು

ಟ್ರ್ಯಾಕ್‌ಗೆ ಹೋಗೋ ಮೊದಲೇ ಮಾಡಬೇಕಾದ್ದು ಇದೆ ಸರ್. ಹಳೆ ಡಿಸ್ಕ್ ಅಂದ್ರಲ್ಲ, ಅದರ ಮೇಲೆ ಹಳೆ ಪ್ಯಾಡಿನ ಪದರ ಕೂತಿರುತ್ತೆ. ಬೇರೆ ಜಾತಿಯ ಪ್ಯಾಡ್ ಅದರ ಮೇಲೆ ಸರಿಯಾಗಿ ಹಿಡಿಯಲ್ಲ. 80 ಅಥವಾ 120 ನಂಬರ್ ಎಮೆರಿ ಪೇಪರ್‌ನಲ್ಲಿ ಎರಡೂ ಮುಖ ಅಡ್ಡಡ್ಡ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ. ಧೂಳನ್ನು ಏರ್ ಹಾಕಿ ಊದಬೇಡಿ, ಒದ್ದೆ ಬಟ್ಟೇಲಿ ತೆಗೀರಿ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚು ಇರುತ್ತೆ, ಅಳೆದು ನೋಡಿ. ಬ್ರೇಕ್ ಆಯಿಲ್ ಕೂಡ ಹೊಸದು ಹಾಕಿ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದ್ರೂ 230 ಡಿಗ್ರಿವರೆಗೆ ತಡೆಯುತ್ತೆ, ನೀರಿನಂಶ ಎಳೆದುಕೊಂಡ ಮೇಲೆ 155ಕ್ಕೇ ಕುದಿಯಬಹುದು.

ಇನ್ನೊಂದು. ಪ್ಯಾಡ್ ಹಾಕೋಕೆ, ಅದನ್ನು ಡಿಸ್ಕ್‌ಗೆ ಒತ್ತೋ ಪಿಸ್ಟನ್ ಒಳಗೆ ತಳ್ಳಿರ್ತೀರಿ. ಟ್ರೇಲರ್‌ನಿಂದ ಇಳಿಸೋ ಮೊದಲು ಪೆಡಲ್ ಗಟ್ಟಿಯಾಗೋವರೆಗೆ ಪಂಪ್ ಮಾಡಿ. ನಮ್ಮ ಹುಡುಗ ಒಬ್ಬ ಮರೆತ. ಮೊದಲನೇ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಯ್ತು, ಕಾರು ಸೀದಾ ನಮ್ಮ ಟೂಲ್ ಬೋರ್ಡ್‌ಗೆ. ಸ್ಪ್ಯಾನರ್‌ಗಳನ್ನು ಸಂಜೆವರೆಗೂ ಆರಿಸಿದ್ವಿ.

ಕೊಯಮತ್ತೂರಿನಲ್ಲಿರುವ ಕನ್ನಡಿಗರು

ಕರಿಯಲ್ಲಿ ನಾನು ಮಾಡುವುದು ಹೀಗೆ. ಒಂದು ಲ್ಯಾಪ್ 2.1 ಕಿಲೋಮೀಟರ್ ಅಷ್ಟೇ, ಹಾಗಾಗಿ 15 ನಿಮಿಷ ಸಾಕು. ಮೊದಲೇ ಆಯೋಜಕರಿಗೆ ಹೇಳಿಡಿ. ಎಲ್ಲರಿಗಿಂತ ಕೊನೆಗೆ ಹೊರಡಿ. ಯಾರೂ ನಿರೀಕ್ಷಿಸದ ಕಡೆ ನೀವು ಬ್ರೇಕ್ ಹಾಕುತ್ತಿರುತ್ತೀರಿ, ಕನ್ನಡಿ ನೋಡದೆ ಒತ್ತಬೇಡಿ.

ಮೊದಲ ಲ್ಯಾಪ್ ಟೈರ್‌ಗೆ, ಇಂಜಿನ್‌ಗೆ. ಆಮೇಲೆ ನೇರ ರಸ್ತೆಯಲ್ಲಿ ಸುಮಾರು 100ರಿಂದ 40ಕ್ಕೆ ಇಳಿಸಿ, ಮಧ್ಯಮ ಒತ್ತಡದಲ್ಲಿ. ಹೀಗೆ ಆರೇಳು ಸಲ. ಪೂರ್ತಿ ನಿಲ್ಲಿಸಬೇಡಿ, ಚಕ್ರ ಲಾಕ್ ಆಗಬಾರದು. ನಂತರ ನಾಲ್ಕೈದು ಸಲ ಇನ್ನೂ ಗಟ್ಟಿಯಾಗಿ. ಸುಟ್ಟ ವಾಸನೆ ಬರುತ್ತದೆ, ಬರಲಿ. ನಡುವೆ ಹಿಡಿತ ಸ್ವಲ್ಪ ಕಡಿಮೆಯಾಗಿ ಮತ್ತೆ ವಾಪಸ್ ಬಂದ ಹಾಗೆ ಅನಿಸಿದರೆ ಕೆಲಸ ನಡೆಯುತ್ತಿದೆ. ಆಮೇಲೆ ಎರಡು ಲ್ಯಾಪ್ ಬ್ರೇಕ್ ಮುಟ್ಟದೆ, ಗೇರ್‌ನಲ್ಲೇ ವೇಗ ಇಳಿಸಿಕೊಂಡು ಗಾಳಿ ತಿನ್ನಿಸಿ. ಪಿಟ್‌ನಲ್ಲಿ ಪೆಡಲ್‌ನಿಂದ ಕಾಲು ತೆಗೆಯಿರಿ, ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡಿ. ಎಸ್ಟೀಮ್‌ನ ಹ್ಯಾಂಡ್‌ಬ್ರೇಕ್ ಹಿಂದಿನ ಡ್ರಮ್‌ಗೆ, ಮುಂದಿನ ಡಿಸ್ಕ್‌ಗೆ ಅದರಿಂದ ಕಲೆ ಆಗಲ್ಲ ನಿಜ. ಆದರೂ ಬಿಸಿ ಡ್ರಮ್‌ಗೆ ಶೂ ಬಿಗಿದು ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಕೈಯಲ್ಲಿ ಮುಟ್ಟಬಹುದು ಅನ್ನುವಷ್ಟು ಆರುವವರೆಗೆ ಕಾಯಿರಿ. ಮುಟ್ಟಿ ನೋಡಲು ಹೋಗಬೇಡಿ ಮತ್ತೆ!

ಈ ವೇಗ, ಸಂಖ್ಯೆ ಎಲ್ಲ ನನ್ನ ಪ್ಯಾಡ್‌ಗೆ. ನಿಮ್ಮ ಡಬ್ಬಿಯಲ್ಲಿ ಕಂಪನಿಯ ಚೀಟಿ ಇದ್ದರೆ ಅದೇ ವೇದ.

ಹುಬ್ಬಳ್ಳಿಯಿಂದ

ಇಷ್ಟೆಲ್ಲ ಬೇಕಾ? ಒಂದು ಸೆಷನ್ ನಿಧಾನಕ್ಕೆ ಓಡಿಸಿದರೆ ತಾನೇ ಕೂರುತ್ತೆ ಅಲ್ವಾ?

ಬೆಂಗಳೂರಿನವರೇ ಮತ್ತೆ

ರಸ್ತೆ ಪ್ಯಾಡ್ ಆದ್ರೆ ಕೂರಬಹುದು. ರೇಸ್ ಪ್ಯಾಡ್‌ಗೆ ಕಾವು ಬೇಕು. ತಣ್ಣಗಿದ್ದಾಗ ಅದು ಡಿಸ್ಕನ್ನು ಕೆರೆಯುತ್ತದೆ ಅಷ್ಟೇ, ಪದರ ಬಿಡಲ್ಲ. ಹೊಸ ಕಬ್ಬಿಣದ ಕಾವಲಿ ನೆನಪಿಸಿಕೊಳ್ಳಿ. ಎಣ್ಣೆ ಸವರಿ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಪಳಗಿಸದಿದ್ದರೆ ದೋಸೆ ಏಳಲ್ಲ. ಬರೀ ಸಣ್ಣ ಉರಿಯಲ್ಲಿ ಇಡೀ ದಿನ ಇಟ್ಟರೂ ಪಳಗಲ್ಲ.

ಕೇಳಿದವರಿಂದ, ಎರಡು ವಾರದ ಮೇಲೆ

ಹೋಗಿ ಬಂದೆ. ಉಜ್ಜಿದ್ದೆ, ಪಂಪ್ ಮಾಡಿದ್ದೆ. ಎಂಟನೇ ಸಲ ಒತ್ತಿದಾಗ ಹಿಡಿತ ಬದಲಾಗಿದ್ದು ಕಾಲಿಗೇ ಗೊತ್ತಾಯಿತು. ಬಂದು ನಿಲ್ಲಿಸಿದ ಮೇಲೆ ತಮ್ಮ ಐದೈದು ನಿಮಿಷಕ್ಕೆ ಕಾರನ್ನು ಅರ್ಧ ಅಡಿ ತಳ್ಳುತ್ತಿದ್ದ, ಪ್ಯಾಡ್ ಒಂದೇ ಕಡೆ ಕೂರಬಾರದು ಅಂತ. ಅಕ್ಕಪಕ್ಕದ ಪಿಟ್‌ನವರು ಸ್ಟಾರ್ಟ್ ಆಗುತ್ತಿಲ್ಲವಾ ಅಂತ ಜಂಪರ್ ಕೇಬಲ್ ತಂದರು. ಡಿಸ್ಕ್ ಈಗ ಸುತ್ತಲೂ ಒಂದೇ ಬೂದು ಬಣ್ಣ. ಎಡಗಡೆಯದರ ಒಳಅಂಚಿನಲ್ಲಿ ಮಾತ್ರ ಬೆರಳಗಲ ಹೊಳಪು ಉಳಿದಿದೆ. ಉಜ್ಜುವಾಗ ಅಲ್ಲಿ ಕೈ ಸರಿಯಾಗಿ ಹೋಗಿರಲಿಲ್ಲ, ನನಗೇ ಗೊತ್ತು.